ನೀಲಿ ದಾರದ ಅಧ್ಯಾಯ

ವಿದ್ಯಾರ್ಥಿನಿಲಯ, ಕೋಣೆ 27
ಮಾರ್ಚ್ 14, ಗುರುವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಮ್ಮಾ,

ಹೇಗಿದ್ದೀಯಾ? ಮೊಣಕಾಲು ನೋವು ಕಡಿಮೆಯಾಯಿತಾ? ಮಾವನ ಮನೆಯ ಮೆಟ್ಟಿಲು ಕಡಿದು, ಹತ್ತುವಾಗ ಗೋಡೆ ಹಿಡಿದುಕೋ. ಅಲ್ಲೊಂದು ಹಿಡಿಕೆ ಹಾಕಿಸಿ ಅಂತ ಮಾವನಿಗೆ ನಾನೇ ಹೇಳಬೇಕಿತ್ತು, ಆದರೆ ಫೋನ್ ಮಾಡಿದಾಗೆಲ್ಲ ಅತ್ತೆ ಎತ್ತಿ, 'ಅವಳು ಸ್ನಾನಕ್ಕೆ ಹೋಗಿದಾಳಮ್ಮ' ಅನ್ನುತ್ತಾರೆ. ಎಂಟು ತಿಂಗಳಿಂದ ಅದೆಂಥ ಸ್ನಾನ ಚಿಕ್ಕಮ್ಮಾ, ಚರ್ಮ ಸುಲಿದುಹೋಗಿರಬೇಕು! ಇದು ನಾನು ಬರೆಯುತ್ತಿರುವ ಐದನೇ ಕಾಗದ. ಮೊದಲ ನಾಲ್ಕನ್ನು ನೀನು ಒಡೆದು ಓದಿದ್ದೀಯೋ, ಹಾಗೇ ಇಟ್ಟಿದ್ದೀಯೋ ಗೊತ್ತಿಲ್ಲ. ಇದನ್ನಾದರೂ ಕೊನೆಯ ತನಕ ಓದು. ನನ್ನ ಊಟ ನಿದ್ದೆ ಎಲ್ಲ ನಡೆಯುತ್ತಿದೆ, ಸ್ವಲ್ಪ ಇಳಿದಿದ್ದೇನೆ ಅಂತ ಗೆಳತಿಯರು ಹೇಳುತ್ತಾರೆ.

ಪರೀಕ್ಷೆ ಮುಗಿಯಿತು. ಇನ್ನು ಮೂರು ತಿಂಗಳಿಗೆ ನನ್ನನ್ನು ಮಾನವಶಾಸ್ತ್ರಜ್ಞೆ ಅಂತ ಕರೆಯಬಹುದು. ಸಾಂಸ್ಕೃತಿಕ ಮಾನವಶಾಸ್ತ್ರಕ್ಕೆ ಸೇರುತ್ತೇನೆ ಎಂದ ದಿನ ನೀನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, 'ಮನುಷ್ಯರನ್ನ ನೋಡೋಕೂ ಪರೀಕ್ಷೆ ಇಡ್ತಾರಾ? ಬಸ್ ಸ್ಟಾಪಲ್ಲಿ ನಿಂತ್ರೆ ಸಾಲ್ದಾ?' ಎಂದಿದ್ದೆ. ಎದುರು ಮನೆಯವರಿಗೆ ಮಾತ್ರ ಡಾಕ್ಟರ್ ಓದಿನಂಥದ್ದೇ ಅಂತ ಹೇಳಿಕೊಂಡು ಬಂದೆ. ಅವರು ಆಮೇಲೆ ತಲೆನೋವಿಗೆ ಮಾತ್ರೆ ಕೇಳಿಕೊಂಡು ನನ್ನ ಹತ್ತಿರ ಬಂದಿದ್ದರು, ನಿನಗೆ ನೆನಪಿದೆಯಾ? ಈಗ ಸಹಪಾಠಿಗಳೆಲ್ಲ ಕೆಲಸ ಹುಡುಕುತ್ತಿದ್ದಾರೆ. ಒಬ್ಬ ವಸ್ತುಸಂಗ್ರಹಾಲಯಕ್ಕೆ ಸೇರಿದ, ಹಳೇ ಮಡಕೆಗಳಿಗೆ ಚೀಟಿ ಅಂಟಿಸುತ್ತಾನೆ. ನನಗೆ ಒಂದೇ ಒಂದು ಕಡೆಯಿಂದ ಕರೆ ಬಂದಿದೆ. ಆಸ್ಪತ್ರೆ, ಕಚೇರಿ, ಕಾರ್ಖಾನೆಗಳಿಗೆ ಜನರನ್ನು ಕಳಿಸಿ, ಅಲ್ಲಿ ಕೆಲಸ ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ಕೂತು ನೋಡಿಸಿ, ಮಾಲೀಕರಿಗೆ ವರದಿ ಕೊಡುವ ಸಂಸ್ಥೆ. ನಾನು ಕ್ಷೇತ್ರಕಾರ್ಯದಿಂದ ಬರೆದ ಇಪ್ಪತ್ತು ಪುಟ ಕೇಳಿದ್ದಾರೆ. ಮುಂದಿನ ವಾರ ಕೊನೆಯ ದಿನ. ನನ್ನ ಹತ್ತಿರ ಕಳಿಸುವಂಥ ಇಪ್ಪತ್ತು ಪುಟ ಯಾವುದು ಅಂತ ನಿನಗೆ ಗೊತ್ತು. ಕಳಿಸಲೋ ಬೇಡವೋ ಅಂತ ಕೇಳುವುದಕ್ಕೇ ಈ ಕಾಗದ.

ಹೇಳದೆ ಉಳಿದ ಮಾತುಗಳಿವೆ, ಮೊದಲು ಅವನ್ನು ಹೇಳಿಬಿಡುತ್ತೇನೆ. ನೀನು ಕೆಲಸ ಮಾಡುತ್ತಿದ್ದ ಲಾಂಡ್ರಿಯಲ್ಲಿ, ನನ್ನ ಪ್ರಬಂಧಕ್ಕಾಗಿ ನಾಲ್ಕು ತಿಂಗಳು ಕೂರಲು ನನಗೆ ಜಾಗ ಸಿಕ್ಕಿದ್ದು ನಿನ್ನಿಂದ. ಸೂಪರ್‌ವೈಸರ್ ಹತ್ತಿರ 'ನಮ್ಮ ಹುಡುಗಿ, ಒಂದು ಮೂಲೇಲಿ ಕೂತಿರ್ತಾಳೆ' ಎಂದು ಕೇಳಿಕೊಂಡವಳು ನೀನು. ಒಪ್ಪಿಗೆ ಪತ್ರ ಕೊಟ್ಟಾಗ ಓದದೆ, 'ಎಲ್ಲಿ ಸೈನ್ ಹಾಕ್ಬೇಕು ಹೇಳು' ಎಂದು ಹಾಕಿದವಳೂ ನೀನೇ. ಆಸ್ಪತ್ರೆಯ ಹೊದಿಕೆಗಳು ಒಗೆದು ಬರುತ್ತಿದ್ದವು, ನೀವು ಎಂಟು ಜನ ಇಸ್ತ್ರಿ ಮಾಡಿ ಮಡಚಿ ಇಪ್ಪತ್ತರ ಗಂಟು ಕಟ್ಟುತ್ತಿದ್ದಿರಿ. ಯಾರು ಕಟ್ಟಿದ ಗಂಟು ಎಂದು ತಿಳಿಯಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ನಿನ್ನದು ಕೆಂಪು, ನಿಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ, ಎಲ್ಲರೂ ಅಜ್ಜಿ ಎನ್ನುತ್ತಿದ್ದವರದು ನೀಲಿ. ದಿನಕ್ಕೆ ಮೂವತ್ತು ಗಂಟು ಆಗಲೇಬೇಕು. ಅಜ್ಜಿಯ ಕಣ್ಣು ಮಂಜಾಗಿತ್ತು, ಭುಜ ಏಳುತ್ತಿರಲಿಲ್ಲ, ಹದಿನೆಂಟಕ್ಕೇ ಸುಸ್ತಾಗುತ್ತಿದ್ದರು. ಆದರೂ ಸಂಜೆ ಎಣಿಸಿದರೆ ನೀಲಿ ಗಂಟು ಮೂವತ್ತೇ ಇರುತ್ತಿದ್ದವು. ಅದು ಹೇಗೆ ಎಂದು ನನಗೆ ತಿಳಿದದ್ದು ನೀನು ಏಪ್ರನ್ ಜೇಬಿನಿಂದ ನೀಲಿ ದಾರ ತೆಗೆದು ನಿನ್ನ ಗಂಟಿಗೆ ಕಟ್ಟಿ, ಅಜ್ಜಿಯ ತಳ್ಳುಗಾಡಿಗೆ ಜಾರಿಸಿದ ದಿನ. ಉಳಿದ ಆರು ಜನರೂ ದಿನಕ್ಕೆ ಒಂದೆರಡು ಗಂಟು ಹಾಗೇ ಸೇರಿಸುತ್ತಿದ್ದರು. ನೀನು ನನ್ನ ಕಡೆ ತಿರುಗಿ, 'ನೋಡಿದ್ಯಾ? ನೋಡಿದ್ರೆ ನೋಡ್ದೆ, ಸುಮ್ನಿರು' ಎಂದೆ. ಚಿಕ್ಕಮ್ಮಾ, ಆ ಮಾತನ್ನೂ ನಾನು ಉದ್ಧರಣೆ ಚಿಹ್ನೆ ಹಾಕಿ ಪ್ರಬಂಧದಲ್ಲಿ ಬರೆದೆ.

ನಮ್ಮ ಪ್ರೊಫೆಸರ್ ಓದಿ, 'ಇದೇ ನಿನ್ನ ಪ್ರಬಂಧದ ಜೀವ' ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹೆಸರು ಬದಲಿಸಿದೆ, ಊರು ಬದಲಿಸಿದೆ, ಲಾಂಡ್ರಿಯನ್ನು ಹೊಲಿಗೆ ಕಾರ್ಖಾನೆ ಮಾಡಿದೆ. ದಾರವನ್ನು ಮಾತ್ರ ಬದಲಿಸಲಿಲ್ಲ. ಅದನ್ನು ತೆಗೆದರೆ ಅಧ್ಯಾಯದಲ್ಲಿ ಏನೂ ಉಳಿಯುತ್ತಿರಲಿಲ್ಲ, ಉಳಿದದ್ದೆಲ್ಲ ಉಪ್ಪಿಲ್ಲದ ಸಾರು. ಇಷ್ಟರಲ್ಲೇ ನಿಂತಿದ್ದರೂ ಆಗುತ್ತಿತ್ತು. ಆದರೆ ತರಗತಿಯಲ್ಲಿ ಕಲಿಸಿದ್ದರು, ಯಾವ ಜಾಗದಿಂದ ಪಡೆದಿರೋ ಆ ಜಾಗಕ್ಕೆ ಹಿಂತಿರುಗಿಸಿ ಎಂದು. ಅದಕ್ಕೆ ಒಂದು ಪ್ರತಿಗೆ ಚೆಂದದ ರಟ್ಟು ಹಾಕಿಸಿ, ಮೊದಲ ಪುಟದಲ್ಲಿ 'ಕೃತಜ್ಞತೆಯಿಂದ' ಎಂದು ಬರೆದು, ನಗುನಗುತ್ತಾ ಸೂಪರ್‌ವೈಸರ್ ಕೈಗೇ ಕೊಟ್ಟುಬಂದೆ. ಅಷ್ಟು ಓದಿದವಳಿಗೆ ಎಂಥ ಮಂಕು ಕವಿದಿತ್ತೋ! ಅವರು ಪೆನ್ಸಿಲ್ ಹಿಡಿದು ಓದಿದರು. ಮರುವಾರ ದಾರಗಳು ಹೋಗಿ, ಗಂಟಿನ ಮೇಲೆ ಒತ್ತಲು ಒಬ್ಬೊಬ್ಬರ ನಂಬರಿನ ಮೊಹರು ಬಂತು. ಅಜ್ಜಿಗೆ 'ವಯಸ್ಸಾಯ್ತು' ಎಂದಷ್ಟೇ ಹೇಳಿ ಮನೆಗೆ ಕಳಿಸಿದರು. ನೀನು ಅವರ ಪರವಾಗಿ ಕೂಗಾಡಿ, ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು ಹೊರಬಂದೆ. ಮನೆಗೆ ಬಂದು ನನಗೆ ಹೇಳಿದ್ದು ಒಂದೇ ಮಾತು, 'ಉಂಡ ಮನೆ ಜಂತೆ ಎಣಿಸ್ದೆ ನೀನು.' ಆಮೇಲೆ ಮಾವನ ಊರಿಗೆ ಹೊರಟುಹೋದೆ. ನೀನು ಹೊಡೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ವಿಭಾಗದಲ್ಲಿ ಹೇಳಿಕೊಂಡೆ. ಕಾಗದಪತ್ರ ಎಲ್ಲ ಸರಿಯಾಗಿದೆ, ಸಹಿ ಇದೆ, ನಿನ್ನದೇನೂ ತಪ್ಪಿಲ್ಲ ಎಂದರು. ಅದನ್ನು ಕೇಳಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಹೋದ ಭಾನುವಾರ ಅಜ್ಜಿಯನ್ನು ನೋಡಲು ಹೋಗಿದ್ದೆ. ಚಪ್ಪಲಿ ರಿಪೇರಿ ಅಂಗಡಿಯ ಹಿಂದಿನ ಅದೇ ಒಂಟಿ ಕೋಣೆ. ಬೈಯುತ್ತಾರೆ ಎಂದುಕೊಂಡು ಹೋದರೆ, ಅಂಗೈಯಿಂದ ನನ್ನ ಮುಖ ತಡವಿ, 'ನನ್ನ ಬಗ್ಗೆ ಪುಸ್ತಕ ಬರ್ದಿದೀಯಂತಲ್ಲೇ, ಓದೇ ಕೇಳೋಣ' ಎಂದರು. ಓದಿದೆ. ದಾರದ ಭಾಗ ಬಂದಾಗ ಅವರು ನನ್ನ ಮೊಣಕೈ ಹಿಡಿದು ನಿಲ್ಲಿಸಿ, 'ಹಾಗಾದ್ರೆ ಆ ಮೂವತ್ತು ಗಂಟು ನಂದಲ್ವಾ?' ಎಂದು ಕೇಳಿದರು. ಅವರಿಗೆ ಗೊತ್ತೇ ಇರಲಿಲ್ಲ ಚಿಕ್ಕಮ್ಮಾ! ನೀವೆಲ್ಲ ಸೇರಿ ಸೂಪರ್‌ವೈಸರ್‌ನಿಂದ ಮುಚ್ಚಿಟ್ಟಿದ್ದನ್ನು ಅವರಿಂದಲೂ ಮುಚ್ಚಿಟ್ಟಿದ್ದಿರಿ. ನಾನೋ, 'ವೃದ್ಧೆ ಎಲ್ಲವನ್ನೂ ಬಲ್ಲಳು, ಮೌನವಾಗಿ ಸ್ವೀಕರಿಸುತ್ತಾಳೆ' ಎಂದು ಬರೆದು ಅಂಕ ತೆಗೆದುಕೊಂಡಿದ್ದೆ. ನಿಮ್ಮ ಎಂಟು ಜನರಲ್ಲಿ ಏಳು ಜನರನ್ನು ಗಂಟೆಗಟ್ಟಲೆ ಪ್ರಶ್ನೆ ಕೇಳಿದವಳಿಗೆ ಅವರನ್ನೊಮ್ಮೆ ಕೇಳಬೇಕು ಎಂದು ಹೊಳೆಯಲಿಲ್ಲ. ಅಜ್ಜಿ, 'ನಾಲ್ಕು ವರ್ಷ ನನ್ನ ಕೈ ಇನ್ನೂ ಗಟ್ಟಿ ಅಂತ ಬೀದೀಲೆಲ್ಲ ಹೇಳ್ಕೊಂಡು ಓಡಾಡಿದ್ನಲ್ಲೇ' ಎಂದರು. ಆಮೇಲೆ ನನಗೇ ಚಹಾ ಮಾಡಿಕೊಟ್ಟರು. ಲೋಟ ಹಿಡಿದುಕೊಂಡು ಅಳುತ್ತಾ ಕೂತೆ, ಕುಡಿಯಲಾಗಲಿಲ್ಲ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ನೀನೇ ಹೇಳುತ್ತಿದ್ದೆ. ಆ ಅಧ್ಯಾಯವನ್ನು ಇನ್ನೊಬ್ಬರ ಮುಂದೆ ಹರಡಲು ನನಗೆ ಮನಸ್ಸಿಲ್ಲ. ಕಳಿಸದಿದ್ದರೆ ಇಷ್ಟು ವರ್ಷ ನೀನು ನಿಂತು ಇಸ್ತ್ರಿ ಮಾಡಿ ಓದಿಸಿದ್ದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ ಎಂಬ ಭಯವೂ ಇದೆ. ನೀನು ಹೇಳಿದಂತೆ ಆಗಲಿ.

ಮಾವನಿಗೂ ಅತ್ತೆಗೂ ನಮಸ್ಕಾರ ಹೇಳು. ಮಾತ್ರೆ ಬಿಡಬೇಡ, ತಣ್ಣೀರಲ್ಲಿ ನಿಲ್ಲಬೇಡ.

ನಿನ್ನ ಕೈಯಲ್ಲಿ ಬೆಳೆದ,
ಅಧಿಕಪ್ರಸಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮತ್ತೆ ಓದಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕೊನೆಯ ದಿನ ಹೋದ ತಿಂಗಳೇ ಮುಗಿಯಿತು, ಅಧ್ಯಾಯವನ್ನು ಆಗಲೇ ಕಳಿಸಿಯಾಗಿತ್ತು. ನಿನ್ನೆ ಫೋನ್ ಬಂತು. ಕೆಲಸ ಸಿಕ್ಕಿದೆ. ಮೊದಲು ಕೇಳದೆ ಬರೆದೆ, ಈಗ ಕಳಿಸಿದ ಮೇಲೆ ಕೇಳುತ್ತಿದ್ದೇನೆ. ಒಂದನೇ ತಾರೀಖಿಗೆ ಸೇರಬೇಕಂತೆ, ಯಾವುದೋ ದೊಡ್ಡ ಅಡುಗೆಮನೆಯಲ್ಲಿ ಹೆಂಗಸರು ಹೇಗೆ ಕೆಲಸ ಮಾಡುತ್ತಾರೆ ಎಂದು ಕೂತು ನೋಡಬೇಕಂತೆ. ಬೇಡ ಎಂದು ಒಂದೇ ಪದ ಬರೆ ಚಿಕ್ಕಮ್ಮಾ, ಬೈದಾದರೂ ಬರೆ, ಆದರೆ ಬೇಗ ಬರೆ. ಅಷ್ಟರೊಳಗೆ ನಿನ್ನ ಕಾಗದ ಬರದಿದ್ದರೆ ನಾನು ಹೋಗಿಬಿಡುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ.