ಮಾಲೀಕರು ತೃಪ್ತರಾಗಿದ್ದಾರೆ

ಮನೆಯಿಂದ,
ಮಾರ್ಚ್ ಹನ್ನೊಂದು, ಮಂಗಳವಾರ

ಪ್ರೀತಿಯ ಮರೀ,

ನಲವತ್ತಾರು ವರ್ಷದವನನ್ನು ಮರಿ ಅನ್ನಬೇಡ ಎಂದು ಹೋದ ಸಲ ರಜೆಗೆ ಬಂದಾಗ ಮುಖ ಗಂಟು ಹಾಕಿಕೊಂಡಿದ್ದೆ. ಬಾಯಿಗೆ ಹತ್ತಿದ ಅಭ್ಯಾಸ ಕೈಗೂ ಹತ್ತಿದೆ, ಏನು ಮಾಡಲಿ. ಮಂಡಿನೋವು ಹೇಗಿದೆ? ಹಡಗಿನ ಇಂಜಿನ್ ಕೋಣೆಯ ಆ ಕಬ್ಬಿಣದ ಏಣಿಯನ್ನು ದಿನಕ್ಕೆಷ್ಟು ಸಲ ಹತ್ತಿ ಇಳಿಯುತ್ತೀಯೋ. ನಾನು ಕೊಟ್ಟ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೀಯಾ, ಇಲ್ಲ ಪೆಟ್ಟಿಗೆಯ ತಳದಲ್ಲಿ ಮಲಗಿದೆಯಾ? ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು ಅನ್ನಬೇಡ. ನಿನ್ನ ದನಿ ಕೇಳಿದರೆ ಸಾಕು, ಎಲ್ಲಾ ಚೆನ್ನಾಗಿದೆ ಎಂದು ನಾಲಿಗೆ ತಾನೇ ಹೇಳಿಬಿಡುತ್ತದೆ. ಅದಕ್ಕೇ ಬಂದರಿನ ಕಚೇರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಸರ್ಕಾರದ ಕಡೆಯಿಂದ ಒಬ್ಬ ಹುಡುಗಿ ಬಂದಿದ್ದಳು. ಸರಕು ರೈಲಿನ ನಿಲ್ದಾಣಕ್ಕೆ ಜಮೀನು ಕೊಟ್ಟವರು ಪರಿಹಾರದಿಂದ ತೃಪ್ತರಾಗಿದ್ದಾರೋ ಇಲ್ಲವೋ ಎಂದು ಮನೆಮನೆಗೂ ಹೋಗಿ ಕೇಳುವುದು ಅವಳ ಕೆಲಸ. ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು, ಕಾಲೆಳೆದುಕೊಂಡು ಬಂದಳು ಪಾಪ. ನಾನು ಸೂಜಿ ದಾರ ತಂದು ಅದನ್ನು ಹೊಲಿಯುತ್ತಾ ಕೂತೆ, ಅವಳು ಕೈಯಲ್ಲಿದ್ದ ಹಲಗೆಯಂಥ ಫೋನ್ ನೋಡಿಕೊಂಡು ಪ್ರಶ್ನೆ ಕೇಳುತ್ತಾ ಹೋದಳು. ಒಂದೊಂದು ಪ್ರಶ್ನೆಗೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಮೊದಲನೆಯದೇ, ಮಾಲೀಕರು ನೀವೇನಾ? ಅಲ್ಲಮ್ಮ, ನನ್ನ ತಮ್ಮ, ಹಡಗಿನಲ್ಲಿದ್ದಾನೆ ಎಂದೆ. ಹಾಗಾದರೆ ಅವರ ಪರವಾಗಿ ನೀವೇ ಹೇಳಿ ಎಂದಳು.

ನಾನು ಸುಳ್ಳು ಹೇಳಲಿಲ್ಲ ಕಣೋ. ಹಣ ಹೇಳಿದ ದಿನಕ್ಕೆ ಬಂತಾ? ಬಂತು, ಐದು. ದರ ಸರಿಯಾಗಿತ್ತಾ? ನೀನೇ ಕುಣಿದಾಡಿದ್ದೆಯಲ್ಲ, ಐದು. ಅಧಿಕಾರಿಗಳು ಮರ್ಯಾದೆ ಕೊಟ್ಟರಾ? ಕೊಟ್ಟರು, ಅಳತೆಗೆ ಬಂದವರು ಸಸಿಮಡಿಯ ಬದಿಯಲ್ಲೇ ಸುತ್ತಿ ಹೋದರು, ಒಂದು ಸಸಿ ತುಳಿಯಲಿಲ್ಲ. ಕೀಳುವುದಕ್ಕೆ ಹನ್ನೊಂದು ದಿನ ಬಾಕಿಯಿದ್ದ ಕ್ಯಾರೆಟ್ಟಿನ ಮೇಲೆ ಯಂತ್ರ ಹರಿಸಿದ್ದು ನಿಜ, ಆದರೆ ಆ ಬೆಳೆಗೂ ಅಳತೆ ಮಾಡಿಯೇ ದುಡ್ಡು ಕಟ್ಟಿಕೊಟ್ಟರು. ಪಕ್ಕದ ಜಮೀನಿನ ಟೈಲರ್ ಕೂಡ ಎಲ್ಲದಕ್ಕೂ ಐದೈದು ಕೊಟ್ಟನಂತೆ. ಕೊನೆಯಲ್ಲಿ, ಅಂಕ ಕೊಟ್ಟಾಯ್ತಲ್ಲ, ಇನ್ನು ನನ್ನ ಜಮೀನು ವಾಪಸ್ ಕೊಡ್ತೀರಾ ಎಂದು ಕೇಳಿ ಅವಳನ್ನು ತಬ್ಬಿಬ್ಬು ಮಾಡಿದನಂತೆ. ಅವನ ತಮಾಷೆ ಗೊತ್ತಲ್ಲ ನಿನಗೆ. ಈ ಸಲ ತಮಾಷೆ ಮಾಡಿದ್ದೋ ಅಲ್ಲವೋ ಎಂದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗುತ್ತಿಲ್ಲ.

ಎಲ್ಲಾ ಮುಗಿದ ಮೇಲೆ, ನನ್ನ ಮಾತೂ ಒಂದೆರಡಿದೆ, ಬರೆದುಕೊಳ್ತೀಯಾ ತಾಯಿ ಎಂದು ಕೇಳಿದೆ. ಅವಳು ಪರದೆಯನ್ನು ಮೇಲೆ ಕೆಳಗೆ ಸರಿಸಿ ಸರಿಸಿ ನೋಡಿದಳು. ಆಮೇಲೆ ಮೆಲ್ಲಗೆ, "ಅಕ್ಕಾ, ಇದರಲ್ಲಿ ಮಾಲೀಕರಿಗೆ ಮಾತ್ರ ಜಾಗ ಇದೆ" ಎಂದಳು. ಆದರೂ ಫೋನ್ ಕೆಳಗಿಟ್ಟು ಕೇಳಿಸಿಕೊಂಡಳು. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದ ವರ್ಷ ಅಪ್ಪ ಹಾಸಿಗೆ ಹಿಡಿದದ್ದು, ನೀನು ಆಗಷ್ಟೇ ಹಡಗು ಹತ್ತಿದ್ದು, ಇಪ್ಪತ್ತಾರು ವರ್ಷ ಆ ಮಣ್ಣನ್ನು ಅಗೆದವಳು ನಾನು ಎಂಬುದು, ಎಲ್ಲಾ ಹೇಳಿದೆ. ಹೇಳಿ ಮುಗಿಸಿದ ಮೇಲೆ, ಇದನ್ನೆಲ್ಲ ಯಾಕೆ ಹೇಳಿದೆ ಎಂದು ನನಗೇ ನಾಚಿಕೆಯಾಯಿತು. ಯಾರ ಮೇಲೂ ದೂರಿಲ್ಲ. ದೂರಲು ಒಬ್ಬನಾದರೂ ಸಿಕ್ಕಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಈಗ ತಂಪು ಉಗ್ರಾಣದಲ್ಲಿ ತರಕಾರಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೇನೆ, ನಿನಗೆ ಹೇಳಿರಲಿಲ್ಲ. ಬೈಯಬೇಡ. ದಪ್ಪದ್ದು ಒಂದು ಪೆಟ್ಟಿಗೆಗೆ, ಸಣ್ಣದ್ದು ಒಂದಕ್ಕೆ, ಸೀಳಿದ್ದು ನೆಲಕ್ಕೆ. ಕ್ಯಾರೆಟ್ಟಿಗೆ ಮೆತ್ತಿದ ಮಣ್ಣು ನೋಡಿದರೆ ಯಾರ ಜಮೀನಿನದು ಎಂದು ಹೇಳಿಬಿಡುತ್ತೇನೆ, ಜೊತೆಯವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಿಮ್ಮ ಹೊಸ ಮನೆಯಲ್ಲಿ ಬಿಸಿಲು ಬೀಳುವ ಕೋಣೆಯನ್ನೇ ನನಗೆಂದು ಇಟ್ಟಿದ್ದೀರಂತೆ, ನಿನ್ನ ಹೆಂಡತಿ ಹೇಳಿದಳು. ಅವಳ ಮನಸ್ಸು ದೊಡ್ಡದು. ಆದರೆ ಏಳನೇ ಮಹಡಿಯಲ್ಲಿ ಬೆಳಗಾಗೆದ್ದು ನಾನು ಏನು ಮಾಡಲಿ ಮರೀ? ಅವಳ ಅಡುಗೆಮನೆಯಲ್ಲಿ ಎಷ್ಟೆಂದು ಅಡ್ಡ ನಿಲ್ಲಲಿ?

ಅವಳಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ಚಿಕ್ಕವಳಿಗೆ ಸ್ವೆಟರ್ ಹೆಣೆಯುತ್ತಿದ್ದೇನೆ, ತೋಳು ಬಾಕಿ. ನೀರಿನ ಮೇಲೆ ಇರುವವನು, ಜೋಪಾನ. ನಿನಗೆ ಒಳ್ಳೆಯದಾಗಲಿ, ನೂರು ಕಾಲ ಬಾಳು.

ಇಂತಿ ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಆ ಹುಡುಗಿ ಗೇಟಿನವರೆಗೆ ಹೋದವಳು ತಿರುಗಿ ಬಂದು ಚೀಲದಿಂದ ಒಂದು ಅರ್ಜಿ ತೆಗೆದು ಕೊಟ್ಟಳು. ಹೆಸರಿನಲ್ಲಿ ಜಮೀನಿಲ್ಲದೆ ಬೇಸಾಯ ಮಾಡಿದವರಿಗೆ ಕಾಲುವೆಯಾಚೆ ಅರ್ಧ ಎಕರೆ ಕೊಡುತ್ತಾರಂತೆ. ಅದರ ಬೆಲೆಯನ್ನು ಮಾಲೀಕರಿಗೆ ಕೊಟ್ಟ ಪರಿಹಾರದಿಂದ ವಾಪಸ್ ಪಡೆಯುತ್ತಾರಂತೆ, ಐದರಲ್ಲಿ ಒಂದು ಪಾಲು. ನೀನು ಆ ಹಣದಲ್ಲೇ ಹೊಸ ಮನೆಗೆ ಮುಂಗಡ ಕೊಟ್ಟಾಗಿದೆ ಎಂದು ನನಗೆ ಗೊತ್ತು. ಅರ್ಜಿ ಇದೇ ಲಕೋಟೆಯಲ್ಲಿದೆ, ತಿಂಗಳ ಕೊನೆಯೊಳಗೆ ಅವರಿಗೆ ತಲುಪಬೇಕು. ಸಾಗುವಳಿ ಮಾಡಿದವರು ಯಾರು ಎಂಬ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ಮಾಲೀಕರೇ ತಮ್ಮ ಕೈಯಲ್ಲಿ ಬರೆಯಬೇಕಂತೆ.