ಅಣ್ಣ ಫೋನ್ ಎತ್ತದ ಕಾರಣ

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿ,

ಮಗಳ ಮದುವೆ ಮಾಡುವ ವಯಸ್ಸಿನವಳನ್ನು ಇನ್ನೂ ಪುಟ್ಟಿ ಎನ್ನುತ್ತೇನೆಂದು ನಗಬೇಡ. ನಿನ್ನ ಅಣ್ಣ ಇಟ್ಟ ಹೆಸರು, ನನ್ನ ಬಾಯಿಗೂ ಅಂಟಿಕೊಂಡಿದೆ. ನೀನು ಎಷ್ಟು ಸಲ ಫೋನ್ ಮಾಡಿದರೂ ಅವರು ಎತ್ತುತ್ತಿಲ್ಲ. ನಾನು ಎತ್ತಿದರೂ "ಆಮೇಲೆ ಮಾತಾಡೋಣ" ಎಂದು ಇಟ್ಟುಬಿಡುತ್ತೇನೆ. ಅವರು ಪಕ್ಕದಲ್ಲೇ ಕೂತಿರುತ್ತಾರೆ, ಏನು ಹೇಳಲಿ? ಈಗ ಕ್ಷೌರಕ್ಕೆ ಹೋಗಿದ್ದಾರೆ, ನಡೆದುಕೊಂಡು. ಅವರು ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಅವರು ಬಚ್ಚಲಲ್ಲಿ ಬಿದ್ದದ್ದು ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನು ಪೂರ್ತಿ ಹೇಳಿರಲಿಲ್ಲ. ಡಾಕ್ಟರು ಇದು ಫಿಟ್ಸ್ ಎಂದರು. ಕೈಕಾಲು ಅದುರಲೇಬೇಕೆಂದಿಲ್ಲವಂತೆ, ಕಣ್ಣು ತೆರೆದುಕೊಂಡೇ ಎಚ್ಚರ ತಪ್ಪಬಹುದಂತೆ. ಮಾತ್ರೆ ಒಂದು ಹೊತ್ತೂ ತಪ್ಪಬಾರದು, ಗಾಡಿಯನ್ನಂತೂ ಮುಟ್ಟಲೇಬಾರದು, ಲೈಸೆನ್ಸ್ ಆಫೀಸಿಗೆ ನೀವಾಗಿಯೇ ತಿಳಿಸಬೇಕು, ಮುಚ್ಚಿಟ್ಟು ಓಡಿಸಿದರೆ ಅಪರಾಧ ಎಂದು ಬಿಡಿಸಿ ಹೇಳಿದರು. "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದಾಗ ನಿನ್ನ ಅಣ್ಣ ಕಣ್ಣು ಮಿಟುಕಿಸದೆ, "ಪಾಠ ಹೇಳ್ತೀನಿ ಸಾರ್" ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಈ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮೇಷ್ಟ್ರಲ್ಲವೇ ಅವರು? ಒಂದು ದಿನವೂ ದಂಡ ಕಟ್ಟಿದವರಲ್ಲ. ನಿಮ್ಮ ಅಮ್ಮ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಳ್ಳದೆ ಹಟ ಹಿಡಿದು, "ನನ್ನನ್ನೇನು ದನದ ಹಾಗೆ ಕಟ್ಟಿ ಹಾಕ್ತೀಯೇನೋ" ಎಂದು ಬೈದಾಗ, ಬೆಲ್ಟ್ ಹಾಕಿಕೊಳ್ಳುವ ತನಕ ಕೀಲಿಯನ್ನೇ ತಿರುಗಿಸದೆ ಕೂತಿದ್ದರಲ್ಲ! ಹೊಸಬರು ಬಂದರೆ ಮೊದಲು ಕಪ್ಪು ಹಲಗೆಯ ಮುಂದೆ ಕೂರಿಸಿ, ಕುಡಿದು ಓಡಿಸಿದರೆ ಏನು, ಫೋನ್ ಹಿಡಿದು ಓಡಿಸಿದರೆ ಏನು, ಕೆಂಪು ದೀಪ ದಾಟಿದರೆ ಏನು ಎಂದೆಲ್ಲ ಬರೆಯುತ್ತಿದ್ದರು. ಕೊನೆಗೆ, "ದಂಡ ಕಟ್ಟಬಹುದು ಕಣ್ರೋ, ಹೋದ ಜೀವಾನ ಯಾವ ಕೌಂಟರಲ್ಲಿ ಕಟ್ತೀರಿ?" ಎನ್ನುತ್ತಿದ್ದರು. ಅಂಥವರು ಆಸ್ಪತ್ರೆಯಿಂದ ಬಂದ ವಾರಕ್ಕೇ ಮತ್ತೆ ಕಾರು ಹತ್ತಿದರು. ನಾನು ಏನೇ ಹೇಳಿದರೂ, "ಒಂದ್ಸಲ ತಲೆ ತಿರುಗಿದ್ದಕ್ಕೆ ಇಷ್ಟೊಂದು ರಾದ್ಧಾಂತ ಬೇಡ" ಎಂದು ಬಾಯಿ ಮುಚ್ಚಿಸಿದರು.

ಆಮೇಲೊಂದು ಮಧ್ಯಾಹ್ನ ಅವರ ಹತ್ತಿರ ಕಲಿಯುತ್ತಿದ್ದ ಹೊಲಿಗೆಯವಳು ಮನೆಗೆ ಬಂದಳು. ಪರದೆಯ ಅಳತೆ ತಗೊಳ್ಳಬೇಕು ಎಂದಳು. ನಾನು ಪರದೆ ಹೊಲಿಯಲು ಹೇಳಿಯೇ ಇರಲಿಲ್ಲ. ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತವಳು ಕೊನೆಗೆ, "ಅಕ್ಕಾ, ಬೆಳಿಗ್ಗೆ ಸ್ಕೂಲ್ ಹತ್ರ ಮೇಷ್ಟ್ರು ಕಾರಲ್ಲೇ ಇದ್ರು, ಆದ್ರೆ ಇರ್ಲಿಲ್ಲ" ಎಂದಳು. ರಸ್ತೆಯ ಬಿಳಿ ಪಟ್ಟೆಯ ಮೇಲೆ ದಾಟುವ ಮಕ್ಕಳು ಕಂಡಾಗ ಇವಳು ಗಾಬರಿಯಾಗಿ ಅವರತ್ತ ನೋಡಿದಳಂತೆ. ಅವರು ತುಟಿ ಚಪ್ಪರಿಸುತ್ತಾ, ಅಂಗಿಯ ಗುಂಡಿ ತಿರುವುತ್ತಾ, ಎಲ್ಲೋ ನೋಡುತ್ತಾ ಕೂತಿದ್ದರಂತೆ. ಅವರ ಕಾಲ ಬಳಿಯೂ ಒಂದು ಬ್ರೇಕ್ ಇದೆಯಲ್ಲ, ಅದರ ಮೇಲೆ ಕಾಲೇ ಇರಲಿಲ್ಲ. ಇವಳೇ ಬ್ರೇಕ್ ಒತ್ತಿದಳು. ಗಾಡಿ ಎಗರಿ ಆಫ್ ಆಯಿತು. ಒಂದು ಮಗುವಿನ ಚೀಲ ಬಾನೆಟ್ಟಿಗೆ ತಾಗಿತಂತೆ, ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ನಿನ್ನ ಅಣ್ಣ ತಿರುಗಿ, "ಕ್ಲಚ್ ಒತ್ತದೆ ಬ್ರೇಕ್ ಹಾಕ್ತಾರೇನಮ್ಮ?" ಎಂದು ಅವಳನ್ನೇ ಗದರಿದರಂತೆ.

ಅದನ್ನು ಹೇಳುವಾಗ ಅವಳು ಅತ್ತಳು. ನನಗೆ ಅಳುವೂ ಬರಲಿಲ್ಲ.

ನಾನು ಮಾಡದ್ದು ಏನಿದೆ ಹೇಳು. ಕಾಲು ಹಿಡಿದೆ. ಕೀಲಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಅವರು ಇನ್ನೊಂದು ಕೀಲಿ ತೆಗೆದುಕೊಂಡು, ನಕ್ಕುಕೊಂಡು ಹೊರಟರು. ಮಕ್ಕಳ ವಿಷಯ ಎತ್ತಿದಾಗ ಮಾತ್ರ ಮುಖ ಬೆಳ್ಳಗಾಯಿತು. "ಆ ಹುಡುಗಿಗೆ ಇನ್ನೂ ಓಡಿಸೋಕೆ ಬರಲ್ಲ, ಅದಕ್ಕೆ ನನ್ನ ಮೇಲೆ ಹಾಕ್ತಿದಾಳೆ" ಎಂದರು. ತಡೆದು, ಸಣ್ಣ ದನಿಯಲ್ಲಿ, "ಇದನ್ನ ಬಿಟ್ರೆ ನಾನೇನು ಮಾಡ್ಲಿ ಹೇಳು" ಎಂದು ಕೇಳಿದರು. ಆಗಲೇ ನಿನಗೆ ಫೋನ್ ಮಾಡಿದ್ದು.

ನೀನು ಫೋನಿನಲ್ಲಿ ಅವರಿಗೆ ಬೈದದ್ದು ನನಗೆ ಅಡುಗೆಮನೆಯ ತನಕ ಕೇಳಿಸಿತು. "ನೀನಾಗಿ ಬಿಡದಿದ್ರೆ ನಾನೇ ಆಫೀಸಿಗೆ ಹೇಳ್ತೀನಿ" ಎಂದೆಯಲ್ಲ, ಆ ಮಾತು ಅವರೊಳಗೆ ಹಾಗೇ ಕೂತುಬಿಟ್ಟಿದೆ. ಮಾರನೆಯ ಬೆಳಿಗ್ಗೆಯೂ ಅವರು ಕಾರು ತೆಗೆದರು.

ಕೆಲವು ದಿನಗಳಾದ ಮೇಲೆ ಲೈಸೆನ್ಸ್ ಆಫೀಸಿನಿಂದ ಇಬ್ಬರು ಬಂದರು. ಯಾರೋ ತಿಳಿಸಿದ್ದಾರೆ. ಬಂದವರಲ್ಲಿ ಒಬ್ಬನಿಗೆ ಇವರೇ ಕಾರು ಕಲಿಸಿದ್ದರು. ಅವನು ಕುರ್ಚಿಯ ತುದಿಯಲ್ಲಿ ಕೂತು, ನೆಲ ನೋಡುತ್ತಲೇ ಮಾತಾಡಿದ. ಲೈಸೆನ್ಸ್ ಅಮಾನತು ಮಾಡಿದ್ದೇವೆ, ಫಿಟ್ಸ್ ಬಾರದೆ ಕಾಲ ಕಳೆದು ಡಾಕ್ಟರು ಬರೆದುಕೊಟ್ಟರೆ ಆಮೇಲೆ ನೋಡುತ್ತಾರೆ, ಅಲ್ಲಿಯವರೆಗೆ ಓಡಿಸಿದರೆ ಕೇಸು ಎಂದ. "ಯಾರು ಹೇಳಿದ್ದು?" ಎಂದು ಇವರು ಕೇಳಿದರು. "ಅದು ಹೇಳೋ ಹಾಗಿಲ್ಲ ಮೇಷ್ಟ್ರೇ" ಎಂದ. ನಿನ್ನ ಅಣ್ಣ ಜಗಳವಾಡಲಿಲ್ಲ. ಲೈಸೆನ್ಸನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟರು. ಅವರಿಬ್ಬರೂ ಕಾಫಿ ಕುಡಿಯದೆ ಹೋದರು. ಇವರು ಸ್ಟೂಲ್ ಹಾಕಿ ಹತ್ತಿ, ಕಾರಿನ ತಲೆಯ ಮೇಲಿದ್ದ ಬೋರ್ಡನ್ನು ಒಬ್ಬರೇ ಬಿಚ್ಚಿದರು. ಹಿಡಿದುಕೊಳ್ಳಲು ಹೋದ ನನ್ನನ್ನು ಹತ್ತಿರ ಸೇರಿಸಲಿಲ್ಲ.

ಈಗಲೂ ಬೆಳಿಗ್ಗೆ ಎದ್ದು ಕಾರು ತೊಳೆಯುತ್ತಾರೆ. ತೊಳೆದು, ಕಲಿಸುವವರ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಕರೆದರೆ ಬರುತ್ತಾರೆ, ಊಟಕ್ಕೆ ಕೂರುತ್ತಾರೆ. ಹೊಲಿಗೆಯವಳು ಬೇರೆಯವರ ಹತ್ತಿರ ಕಲಿತು ಪಾಸಾದಳು ಎಂದು ಯಾರೋ ಹೇಳಿದಾಗ, "ಬ್ರೇಕ್ ಸರಿಯಾಗಿ ಹಾಕ್ತಾಳೆ ಅವಳು" ಎಂದರು. ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದು ಅವರಿಂದಾಗದು.

ನಿನ್ನ ಹೆಸರು ಬಂದರೆ ಮಾತ್ರ ಎದ್ದು ಹೋಗುತ್ತಾರೆ. "ನಾನು ಎತ್ತಿ ಆಡಿಸಿದವಳೇ ನನ್ನ ಕೈ ಕಡಿದಳು" ಎಂದು ಒಮ್ಮೆ ಹೇಳಿದರು. ಬೇಜಾರು ಮಾಡಿಕೊಳ್ಳಬೇಡ. ಸದ್ಯಕ್ಕೆ ಫೋನ್ ಮಾಡಬೇಡ. ಬರುವುದೂ ಬೇಡ.

ಇಂತಿ, ಏನೂ ತೋಚದೆ ಕೂತಿರುವ
ನಿನ್ನ ಅತ್ತಿಗೆ

ತಾ.ಕ. — ಮೇಲೆ "ಯಾರೋ ತಿಳಿಸಿದ್ದಾರೆ" ಎಂದು ಬರೆದೆ. ಹೊಡೆದುಹಾಕಲು ಮನಸ್ಸಾಗಲಿಲ್ಲ, ಇಲ್ಲಿ ಹೇಳುತ್ತೇನೆ. ತಿಳಿಸಿದ್ದು ನಾನು. ಬೋರ್ಡ್ ಬಿಚ್ಚಿ ಒಳಗೆ ಬಂದವರು, "ಪುಟ್ಟೀನೇ ತಾನೇ?" ಎಂದು ಕೇಳಿದರು. ನಾನು ಸುಮ್ಮನಿದ್ದೆ. ನಿನ್ನ ಮೇಲಿನ ಸಿಟ್ಟು ಎಂದಾದರೂ ಇಳಿಯುತ್ತದೆ ಪುಟ್ಟಿ, ಒಡಹುಟ್ಟಿದವಳು ನೀನು. ಆದರೆ ದಿನಾ ಮೂರು ಹೊತ್ತು ಅವರು ಮಾತ್ರೆ ನುಂಗುವುದು ನನ್ನ ಕೈಯಿಂದ. ಈ ಕೈಯ ಮೇಲೆ ನಂಬಿಕೆ ಹೋದರೆ ಮಾತ್ರೆಯೂ ನಿಲ್ಲುತ್ತದೆ. ಅವರಾಗಿಯೇ ನಿನ್ನನ್ನು ಕೇಳಿದರೆ, ದಯವಿಟ್ಟು, ನಾನಲ್ಲ ಎನ್ನಬೇಡ.