ಬಾಯ್ತೆರೆದ ಮೋರಿಯೂ ನನ್ನ ಒಂದೇ ಮಗುವೂ

ಮಾನ್ಯ ಇಂಜಿನಿಯರ್ ಸಾಹೇಬರೇ,

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ಮೋರಿಯ ಮೇಲಿದ್ದ ಚಪ್ಪಡಿ ಕಲ್ಲುಗಳನ್ನು, ಹೂಳೆತ್ತಬೇಕೆಂದು ಹೇಳಿ ಯುಗಾದಿ ಕಳೆದ ಮೇಲೆ ತೆಗೆಸಿದವರು ನೀವು. ಹೂಳೆತ್ತಿದ್ದೂ ಆಯಿತು, ಎತ್ತಿದ ಹೂಳು ಒಣಗಿ ಧೂಳಾಗಿ ನಮ್ಮ ಮನೆಗಳೊಳಗೆ ಬಂದದ್ದೂ ಆಯಿತು. ಕಲ್ಲುಗಳು ಮಾತ್ರ ಮೋರಿಯ ಮೇಲಕ್ಕೆ ಮರಳಿಲ್ಲ. ಈಗ ಅವು ಮೂಲೆಯ ಕಾಫಿ ಅಂಗಡಿಯ ಮುಂದೆ ಬೆಂಚಾಗಿವೆ. ಜನ ಅವುಗಳ ಮೇಲೆ ಕೂತು, ಊರು ಕೆಟ್ಟುಹೋಯಿತು ಎಂದು ಮಾತಾಡಿಕೊಳ್ಳುತ್ತಾರೆ. ಇದನ್ನೆಲ್ಲ ಹೇಳಲು ಕಳೆದ ವಾರ ನಿಮ್ಮ ಕಚೇರಿಗೆ ಬಂದಿದ್ದೆ. ನನ್ನ ಮಗಳು ರಮ್ಯಾ, ಎರಡನೇ ಕ್ಲಾಸಿನ ಹುಡುಗಿ, ಆ ಮೋರಿಯೊಳಗೆ ಬಿದ್ದಿದ್ದಳು ಎಂದೆ. ನೀವು ಫೋನಿನಿಂದ ತಲೆಯೆತ್ತಿ ಕೇಳಿದಿರಿ: "ಎಷ್ಟ್ ಮಕ್ಳಮ್ಮ ನಿಮಗೆ?"

ಒಬ್ಬಳೇ ಎಂದೆ.

"ಒಂದನ್ನ ನೋಡ್ಕೊಳ್ಳೋಕಾಗಲ್ವಾ? ನಮ್ಮಮ್ಮ ಆರು ಜನನ್ನ ಸಾಕಿದ್ರು, ಗೊತ್ತಾ?"

ನೀವು ನಕ್ಕಿರಿ, ಪಕ್ಕದ ಮೇಜಿನವರೂ ನಕ್ಕರು. ನಾನು ಎದ್ದು ಬಂದುಬಿಟ್ಟೆ. ಮನೆಗೆ ಬಂದ ಮೇಲೆ ತೋಚಿದ್ದನ್ನು ಎಲ್ಲರೂ ಓದಲಿ ಎಂದು ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿದ್ದೇನೆ.

ಆರು ಮಕ್ಕಳನ್ನು ಸಾಕುವ ವಿದ್ಯೆ ನನಗೆ ತಿಳಿಯದ್ದೇನಲ್ಲ. ನಮ್ಮತ್ತೆ ದೊಡ್ಡಮುನಿಯಮ್ಮನವರು ಇದೇ ಬೀದಿಯಲ್ಲಿ, ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಮನೆ ಮನೆ ತಿರುಗುತ್ತಲೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು. ಅವರದ್ದೊಂದು ಕ್ರಮವಿತ್ತು. ಯಾವ ಮಗು ಎಲ್ಲಿದೆ ಎಂದು ಅವರು ಹುಡುಕುತ್ತಿರಲಿಲ್ಲ. ಕೈಗೆ ಸಿಕ್ಕ ಮಗುವನ್ನು ನಿಲ್ಲಿಸಿ ಉಳಿದವರ ಸಮಾಚಾರ ಕೇಳುತ್ತಿದ್ದರು. ಹೇಳದಿದ್ದರೆ ಸಿಕ್ಕ ಮಗುವಿಗೇ ಏಟು. ಹಾಗಾಗಿ ಪ್ರತಿ ಮಗುವೂ ಇನ್ನೊಂದರ ಮೇಲೆ ಕಣ್ಣಿಟ್ಟಿರುತ್ತಿತ್ತು. ನನ್ನ ಯಜಮಾನರು ಮುನಿಕೃಷ್ಣ ಚಿಕ್ಕವರಿದ್ದಾಗ ಇದೇ ಮೋರಿಗೆ ಬಿದ್ದಿದ್ದರಂತೆ. ಅವರಕ್ಕ ಬೀದಿಯುದ್ದಕ್ಕೂ ಕೂಗುತ್ತಾ ಓಡಿ ಅಮ್ಮನನ್ನು ಕರೆತಂದಳಂತೆ. ಆ ಕಾಲದ ತಾಯಂದಿರಿಗೆ ನಿಮ್ಮಂಥ ಇಲಾಖೆಯ ಅಗತ್ಯ ಅಷ್ಟಾಗಿ ಬೀಳಲಿಲ್ಲ, ನಿಜ.

ಆದರೆ ನಿಮ್ಮ ತಾಯಿಯವರು ಆರು ಮಕ್ಕಳನ್ನು ಸಾಕಿದರು ಎಂದಿರಲ್ಲ, ಹೆತ್ತದ್ದೆಷ್ಟು ಎಂದು ಯಾವತ್ತಾದರೂ ಕೇಳಿದ್ದೀರಾ? ನಾನು ನಮ್ಮತ್ತೆಯನ್ನು ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸದೆ ಹೇಳಿದರು: "ಐದು ಉಳ್ಕೊಂಡ್ವು. ಎರಡು ಹೋದ್ವು. ಒಂದು ಜ್ವರದಲ್ಲಿ, ಇನ್ನೊಂದು ಕೆರೇಲಿ. ಅಳೋಕೆಲ್ಲಿತ್ತಮ್ಮ ಟೈಮು, ಕಂಕುಳಲ್ಲಿ ಇನ್ನೊಂದು ಇರ್ತಿತ್ತು." ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಆ ಎರಡರ ಸುದ್ದಿಯನ್ನೇ ನಾನು ಕೇಳಿರಲಿಲ್ಲ. ಕೇಳಿದ ಮೇಲೆ ಭಯವಾಯಿತು. ನೀವು ಹೆಮ್ಮೆಯಿಂದ ಹೇಳುವ ಆ ಕಾಲ ಮಕ್ಕಳನ್ನು ಕಾಪಾಡಿದ್ದು ಹೀಗೆ. ಚಿಕ್ಕ ಸಂಸಾರವೇ ಸುಖ ಎಂದು ಗೋಡೆ ಗೋಡೆಗೂ ಬರೆಸಿ ನಮ್ಮನ್ನು ಇದರಿಂದ ಬಿಡಿಸಿದ್ದು ಸರ್ಕಾರವೇ ಅಲ್ಲವೇ? ಈಗ ಅದೇ ಸರ್ಕಾರದ ಕುರ್ಚಿಯಲ್ಲಿ ಕೂತು, ಒಂದನ್ನೂ ನೋಡಿಕೊಳ್ಳಲಾಗದೇ ಎಂದು ಕೇಳುತ್ತೀರಿ.

ಅಂದು ನಡೆದದ್ದನ್ನು ನೀವು ಪೂರ್ತಿ ಕೇಳಲಿಲ್ಲ. ಆಷಾಢದ ಒಂದು ಸಂಜೆ. ಮಳೆ ಇರಲಿಲ್ಲ, ಬರೀ ಗಾಳಿ. ನಾನೂ ಯಜಮಾನರೂ ನಮ್ಮ ತರಕಾರಿ ಅಂಗಡಿಯಲ್ಲಿದ್ದೆವು. ರಮ್ಯಾಳನ್ನು ಶಾಲೆಯಿಂದ ಕರೆತರಲು ಅತ್ತೆ ಹೋಗಿದ್ದರು. ದಾರಿಯಲ್ಲಿ ಹಳೆಯ ಗೆಳತಿಯೊಬ್ಬರು ಸಿಕ್ಕರು. ಅದೇ ಹೊತ್ತಿಗೆ ನಮ್ಮ ಬೀದಿಯ ಕಡೆಗೆ ಮಕ್ಕಳ ಗುಂಪೊಂದು ಹೊರಟಿತ್ತು. ಅತ್ತೆ, "ಅವರ ಜೊತೆ ಹೋಗ್ತಿರು, ಹಿಂದೆ ಬಂದೆ," ಎಂದು ಮೊಮ್ಮಗಳನ್ನು ಕಳಿಸಿದರು. ಅವರ ಅನುಭವದಲ್ಲಿ ಮಕ್ಕಳ ಗುಂಪಿಗಿಂತ ಭದ್ರವಾದದ್ದು ಬೇರೊಂದಿಲ್ಲ. ಗುಂಪು ಎಂದರೆ ಅಕ್ಕ ತಂಗಿ ಅಣ್ಣ ತಮ್ಮ, ಒಂದು ಬಿದ್ದರೆ ನಾಲ್ಕು ಕೂಗುತ್ತವೆ. ಈ ಗುಂಪಿನಲ್ಲಿದ್ದವರೆಲ್ಲ ತಮ್ಮ ತಮ್ಮ ಮನೆಗೆ ಒಬ್ಬೊಬ್ಬರೇ ಮಕ್ಕಳು. ಒಬ್ಬ ಅಬಾಕಸ್ ಕ್ಲಾಸಿಗೆ ತಿರುಗಿದ, ಒಬ್ಬಳು ಭರತನಾಟ್ಯಕ್ಕೆ, ಒಬ್ಬಳನ್ನು ಆಟೋ ಕರೆದುಕೊಂಡು ಹೋಯಿತು. ಹಿಂದೆ ಬರುವವರನ್ನು ತಿರುಗಿ ನೋಡುವ ಅಭ್ಯಾಸ ಆ ಮಕ್ಕಳಿಗಿಲ್ಲ, ಅದು ಅವರ ತಪ್ಪೂ ಅಲ್ಲ. ಅತ್ತೆ ಮನೆ ಮುಟ್ಟಿದಾಗ ಮಗು ಬಂದಿರಲಿಲ್ಲ. ಹುಡುಕಾಟ ಶುರುವಾದಾಗ, ಆ ಗುಂಪಿನಲ್ಲಿದ್ದ ಎದುರುಮನೆಯ ಯಶಶ್ರೀ ನಿದ್ದೆಗಣ್ಣಲ್ಲಿ ಎದ್ದು ಬಂದು, "ನಮ್ಮ ಹಿಂದೇನೇ ಬರ್ತಿದ್ಲು ಆಂಟಿ," ಎಂದಳು.

ರಮ್ಯಾ ಮೋರಿಯೊಳಗೆ ನಿಂತಿದ್ದಳು. ದೊಡ್ಡವರ ಎದೆಮಟ್ಟದ ಗೋಡೆ, ಕಾಲ ಕೆಳಗೆ ಕೆಸರು, ಹತ್ತಲು ಹಿಡಿಯಿಲ್ಲ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಮೋರಿಯ ಅಂಚಿಗೆ ಸಾಲಾಗಿ ಕಾರುಗಳನ್ನು ನಿಲ್ಲಿಸಿದ್ದರಿಂದ ಬೀದಿಯವರ ಕಣ್ಣಿಗೆ ಬಿದ್ದಿರಲಿಲ್ಲ. ಮಹಡಿಯ ಮೇಲೆ ಒಣಗಹಾಕಿದ್ದ, ನಮ್ಮ ಬೀದಿಯ ಬದರೀನಾರಾಯಣ ಮೇಷ್ಟ್ರ ಪಂಚೆ ಗಾಳಿಗೆ ಹಾರಿ ಅಲ್ಲಿ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಬಂದ ಮೇಷ್ಟ್ರು ಅವಳನ್ನು ಕಂಡರು. ಆ ಗಾಳಿ ಬೀಸದಿದ್ದರೆ ಎಂಬುದನ್ನು ನಾನು ದಿನವೂ ಯೋಚಿಸುತ್ತೇನೆ, ಅನ್ನ ಬಸಿಯುವಾಗ, ತರಕಾರಿ ತೂಗುವಾಗ.

ಅವಳಿಗೆ ಸ್ನಾನ ಮಾಡಿಸುತ್ತಾ, "ಯಾಕೆ ಚಿನ್ನಾ ಕೂಗ್ಲಿಲ್ಲ?" ಎಂದು ಕೇಳಿದೆ.

"ಯಾರನ್ನ ಅಂತ ಕೂಗ್ಲಮ್ಮಾ?" ಎಂದಳು.

ಅಳಲಿಲ್ಲ, ದೂರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು. ಬಾಗಿಲ ಬಳಿ ನಿಂತಿದ್ದ ಅತ್ತೆ, "ನಾನೇ ಕೊಂದ್ಬಿಡ್ತಿದ್ದೆ ಕಣಮ್ಮ," ಎಂದರು. ಅಂದಿನಿಂದ ಅವರು ಮಗುವಿನ ಕೈ ಹಿಡಿದು ಬೀದಿಗಿಳಿದಿಲ್ಲ. ನೀವು ತೆಗೆದ ಕಲ್ಲಿನ ಪಾಪವನ್ನು ಆ ಮುದುಕಿ ಹೊತ್ತು ಕೂತಿದ್ದಾರೆ, ನೀವು ಸುಖವಾಗಿದ್ದೀರಿ. ನನಗೆ ಸಿಟ್ಟು ಬರುವುದು ಇದಕ್ಕೇ.

ಮೊನ್ನೆ ಸಂಜೆ ಇದ್ದಕ್ಕಿದ್ದಂತೆ ಕತ್ತಲು ಕವಿದು ಜೋರು ಮಳೆ ಹೊಡೆಯಿತು. ಸ್ವಲ್ಪ ಹೊತ್ತಿಗೇ ಮೋರಿ ತುಂಬಿ ನೀರು ರಸ್ತೆಗೆ ಸಮನಾಯಿತು. ರಸ್ತೆ ಎಲ್ಲಿ ಮುಗಿಯುತ್ತದೆ, ಮೋರಿ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ನೀರು ಮೇಲೆ ನಿಂತಂತೆ ಕಂಡರೂ ಒಳಗೆ ಸೆಳೆತವಿತ್ತು. ಯಾರೋ ಎಸೆದ ತೆಂಗಿನ ಚಿಪ್ಪು ನಮ್ಮ ಕಣ್ಣೆದುರೇ ರಸ್ತೆಯಡಿ ಹಾದುಹೋಗುವ ಮೂಲೆಯ ಕೊಳವೆಯೊಳಕ್ಕೆ ಹೋಯಿತು. ಅದು ಇನ್ನೊಂದು ಕಡೆಯಿಂದ ಹೊರಬರುವುದನ್ನು ನಾನು ಕಾದು ನೋಡಿದೆ. ಬರಲಿಲ್ಲ. ಗಣೇಶನ ಹಬ್ಬ ಹತ್ತಿರ ಬಂತು, ದೊಡ್ಡ ಮಳೆಗಳೆಲ್ಲ ಇನ್ನು ಮುಂದಿವೆ.

ನಿಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಕಾಫಿ ಅಂಗಡಿಯ ಮುಂದಿರುವ ಕಲ್ಲುಗಳನ್ನು ಎತ್ತಿಸಿ, ಹಬ್ಬದೊಳಗೆ ಮೋರಿಯ ಮೇಲೆ ಹಾಕಿಸಿ. ಆಗದಿದ್ದರೆ ಶಾಲೆ ಬಿಡುವ ಹೊತ್ತಿಗೆ ನೀವೇ ಬಂದು ಆ ಅಂಚಿನಲ್ಲಿ ನಿಂತುಕೊಳ್ಳಿ. ಮುಂದಿನ ಸಲ ಆ ಮೋರಿಯೊಳಗೆ ಬರೀ ಕೆಸರು ಇರುವುದಿಲ್ಲ. ನನ್ನ ಮಗಳು ಬಿದ್ದಳೆಂದು ನನಗಾಗಲಿ ನಿಮಗಾಗಲಿ ಓಡಿಬಂದು ಹೇಳುವ ಅಕ್ಕ ಅವಳಿಗಿಲ್ಲ. ಆದ್ದರಿಂದ ಬೀಳುವ ಮೊದಲೇ ನಾನು ಬಂದು ಹೇಳುತ್ತಿದ್ದೇನೆ.

ಇಂತಿ,
ನಿಮ್ಮನ್ನು ನಂಬದೆ ಬೇರೆ ದಾರಿಯಿಲ್ಲದ
ಧನಲಕ್ಷ್ಮಿ
ಚಾಮರಾಜಪೇಟೆ